ತಾಟಿನ ಮೇಲಿನ ಕೈ

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಖಂಡೆಪ್ಪ ಕೈ ತೊಳೆದರು. ಅವರಿಗೆಂದೇ ಮಾಡಿದ್ದ ಸಿಹಿ ಆಗಿನ್ನೂ ಭಟ್ಟಿಯಿಂದ ಹೊರಗೆ ಬಂದಿರಲಿಲ್ಲ.

ನವೆಂಬರ್ ಹನ್ನೆರಡು, ಬುಧವಾರ. ಕಲಬುರಗಿಯ ಖೂಬಾ ಪ್ಲಾಟಿನ ಅಡ್ಡರಸ್ತೆಯೊಂದರಲ್ಲಿರುವ ನೋರಾ ಲಂಚ್ ಹೋಮಿನ ಆರು ಮೇಜುಗಳಲ್ಲಿ ನಾಲ್ಕು ತುಂಬಿದ್ದವು. ನಲ್ಲಿಯ ಸದ್ದು ಕೇಳಿ ತಬಸ್ಸುಮ್ ಅಡುಗೆಮನೆಯ ಕಿಂಡಿಯಿಂದ ಇಣುಕಿದಳು. ಮೂಲೆಯ ಬೇಸಿನ್ನಿನ ಮುಂದೆ ಖಂಡೆಪ್ಪ ಬಾಯಿ ಮುಕ್ಕಳಿಸುತ್ತಿದ್ದರು. ಅವರ ಹಿಂದೆ ಹೆಂಡತಿ ಶಂಕ್ರಮ್ಮ ಸೆರಗು ಸಿಕ್ಕಿಸಿಕೊಂಡು ಸರದಿಗೆ ನಿಂತಿದ್ದರು. ಅವರು ಕುಳಿತಿದ್ದ ಮೇಜಿನ ಮೇಲೆ ತಾಟುಗಳಿರಲಿಲ್ಲ. ಈಗಷ್ಟೇ ಒರೆಸಿದ ಹಲಗೆ ಒದ್ದೆಯಾಗಿ ಹೊಳೆಯುತ್ತಿತ್ತು.

“ಅಜೀ, ಅವರು ಯಾಕ ಎದ್ರು?” ಎಂದು ಅವಳು ಗಂಡನನ್ನು ಕೇಳಿದಳು.

ಇಮಾಮುದ್ದೀನ್ ಎರಡು ತಾಟು ಹಿಡಿದು ಒಳಗೆ ಬಂದ. “ಊಟ ಆತಲ್ಲ. ಇನ್ನ ಹಾಕ್ಲೇನ್ರಿ ಅಂದೆ, ಸಾಕ್ರಿ ಅಂದ್ರು. ತಾಟು ಎತ್ತಿದೆ.”

“ಸಿಹಿ ಹೋಗಿಲ್ಲಲ್ಲ ಇನ್ನಾ.”

“ಮೇಜು ಒರಸಿದ ಮ್ಯಾಲ ಸಿಹಿ. ಹದಿನಾರು ವರ್ಷ ಅದನ್ನ ನೋಡಿಲ್ಲೇನು ನೀ?”

ತಬಸ್ಸುಮ್ ಭಟ್ಟಿಯ ಬಾಗಿಲು ತೆಗೆದಳು. ಬ್ರೆಡ್ಡಿನ ಹೋಳುಗಳ ನಡುವೆ ಕಮಲಾಪುರದ ಕೆಂಬಾಳೆ ಇಟ್ಟು, ಹಾಲು ಹುಯ್ದು ಬೇಯಿಸಿದ ಪುಡಿಂಗ್ ಅದು. ಮೇಲ್ಪದರ ಹದವಾಗಿ ಕಂದಿತ್ತು. ಎರಡು ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಕಸ್ಟರ್ಡ್ ಸುರಿದು, ಕೈ ಸುಡುತ್ತಿದ್ದರೂ ತಾನೇ ತೆಗೆದುಕೊಂಡು ಓಡಿದಳು. ಖಂಡೆಪ್ಪ ಆಗಲೇ ಬಾಗಿಲ ಬಳಿ ಚಪ್ಪಲಿ ಮೆಟ್ಟಿದ್ದರು.

“ಸಾವ್ಕಾರ್ರಿ, ಇದೊಂದು ಉಳದದರಿ. ಕೂಡ್ರಿ.”

“ಕೈ ತೊಳಕೊಂಡಾತು ತಂಗಿ,” ಎಂದರು ಖಂಡೆಪ್ಪ. ಕೋಪವೇನೂ ಇರಲಿಲ್ಲ ದನಿಯಲ್ಲಿ. “ಕೈ ತೊಳದ ಮ್ಯಾಲ ಮತ್ತ ಉಣ್ಣಾಕ ಕೂಡೂದು ನಮ್ಮ ಮನ್ಯಾಗ ಇಲ್ಲ.”

“ಊಟ ಹ್ಯಾಂಗಿತ್ರಿ?”

“ಊಟ ಛಲೋ ಇತ್ತು.”

ಅಷ್ಟು ಹೇಳಿ ಅವರು ಮೆಟ್ಟಿಲಿಳಿದರು. ಶಂಕ್ರಮ್ಮ ಒಮ್ಮೆ ತಿರುಗಿ ಬಟ್ಟಲುಗಳ ಕಡೆ ನೋಡಿದರು.

ಆ ಊಟಕ್ಕೆ ತಬಸ್ಸುಮ್ ಹದಿನೈದು ದಿನದಿಂದ ಕಾದಿದ್ದಳು. ಮಳಿಗೆ ಖಂಡೆಪ್ಪನವರದು. ಜನವರಿ ಒಂದರಿಂದ ಹನ್ನೊಂದು ತಿಂಗಳಿಗೆ ಆದ ಕರಾರು ನವೆಂಬರ್ ಮೂವತ್ತಕ್ಕೆ ಮುಗಿಯುತ್ತಿತ್ತು. ಅವರ ಅಳಿಯ ಅಮರನಾಥ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಹಾಕಬೇಕೆಂದು ದಸರೆಯಿಂದಲೂ ಕೇಳುತ್ತಿದ್ದ. ಕರಾರು ಮುಂದುವರಿಸುತ್ತೀರಾ ಎಂದು ತಬಸ್ಸುಮ್ ಫೋನಿನಲ್ಲಿ ವಿಚಾರಿಸಿದಾಗ ಖಂಡೆಪ್ಪ ಹೌದು ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. “ಇಷ್ಟ ದಿನ ಆತು, ನಿಮ್ಮಲ್ಲಿ ನಾ ಒಮ್ಮಿನೂ ಉಂಡಿಲ್ಲ. ಉಂಡ ನೋಡಿ ಹೇಳ್ತೀನಿ,” ಎಂದಿದ್ದರು.

ಈ ಜಾಗ ಹೋದರೆ ಇನ್ನೊಂದು ಸಿಗುವ ಭರವಸೆ ತಬಸ್ಸುಮಳಿಗೆ ಇರಲಿಲ್ಲ. ಖೂಬಾ ಪ್ಲಾಟಿನ ಸುತ್ತ ಒಂಬತ್ತು ಕಡೆ ಮಳಿಗೆ ಕೇಳಿದ್ದರು. ಒಂಬತ್ತು ಕಡೆಯೂ ಗಂಡ ಹೆಂಡಿರ ಹೆಸರು ಕೇಳಿದ ಮೇಲೆ ಮಳಿಗೆ ಬೇರೆಯವರಿಗೆ ಕೊಟ್ಟಾಗಿದೆ ಎಂಬ ಉತ್ತರ ಬಂದಿತ್ತು. ಹತ್ತನೆಯವರಾದ ಖಂಡೆಪ್ಪ ಹೆಸರು ಕೇಳಲಿಲ್ಲ. ಏನು ಬೇಯಿಸುತ್ತೀರಿ ಎಂದಷ್ಟೇ ಕೇಳಿದರು. ಮಾಂಸ, ಮೀನು, ತತ್ತಿ ಒಳಗೆ ಬರಬಾರದು ಎಂದು ಸ್ಟಾಂಪ್ ಪೇಪರಿನ ಮೇಲೆ ಬರೆಸಿ ಕೀಲಿ ಕೊಟ್ಟರು. ಇಟ್ಟಿಗೆಯ ಭಟ್ಟಿಯನ್ನು ಗೋಡೆಗೆ ಸೇರಿಸಿ ಕಟ್ಟಿಸಿದ್ದು ಆ ಮೇಲೆ. ಅದನ್ನು ಕಿತ್ತೊಯ್ಯಲು ಬರುತ್ತಿರಲಿಲ್ಲ.

ಅವಳು ಬೇಯಿಸುತ್ತಿದ್ದುದು ಐರ್ಲೆಂಡ್ ಮತ್ತು ಇಂಗ್ಲೆಂಡಿನ ಮಧ್ಯಾಹ್ನದ ಊಟ. ಐರ್ಲೆಂಡಿನ ಪಶ್ಚಿಮದ ಮೇಯೋ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ ಇಮಾಮುದ್ದೀನ್ ಹದಿನಾರು ವರ್ಷ ಮಾಂಸದ ಕಾರ್ಖಾನೆಯಲ್ಲಿ ದುಡಿದಿದ್ದ. ತಬಸ್ಸುಮ್ ಅದೇ ಊರಿನ ಊಟದ ಮನೆಯೊಂದರಲ್ಲಿ ಮೊದಲು ಪಾತ್ರೆ ತೊಳೆದಳು, ಎರಡು ವರ್ಷದ ಮೇಲೆ ಒಲೆಯ ಮುಂದೆ ನಿಂತಳು. ಆ ಮನೆಯ ಒಡತಿ ನೋರಾ ಅದೇ ಊರಿನವಳು, ಅವಳ ಗಂಡ ಸ್ಟ್ಯಾನ್ಲಿ ಉತ್ತರ ಇಂಗ್ಲೆಂಡಿನವನು. ಆದ್ದರಿಂದ ಅಡುಗೆ ಎರಡೂ ಕಡೆಯದು. ಹನ್ನೆರಡಕ್ಕೆ ತೆರೆದು ಮೂರಕ್ಕೆ ಮುಚ್ಚುತ್ತಿದ್ದರು. ಶನಿವಾರ ಕಾರ್ಖಾನೆಗೆ ರಜೆ ಇದ್ದಾಗ ಇಮಾಮುದ್ದೀನ್ ಅಲ್ಲಿ ಬಡಿಸುತ್ತಿದ್ದ. ನೋರಾ ತೀರಿಕೊಂಡ ವರ್ಷ ಊಟದ ಮನೆ ಮುಚ್ಚಿತು. ಮರುವರ್ಷ ಇವರಿಬ್ಬರೂ ಊರಿಗೆ ಮರಳಿದರು.

ನೋರಾಳ ಪಟ್ಟಿಯಲ್ಲಿದ್ದ ಹದಿನಾಲ್ಕು ಅಡುಗೆಗಳಲ್ಲಿ ಖಂಡೆಪ್ಪನವರ ಷರತ್ತಿಗೆ ಒಗ್ಗಿದ್ದು ಆರು. ಬೆಣ್ಣೆ ಹಾಕಿ ಕಲಸಿದ ಆಲೂಗಡ್ಡೆ ಮತ್ತು ಎಲೆಕೋಸಿನ ಮುದ್ದೆ. ಜವೆಗೋಧಿಯ ತಿಳಿಸಾರು. ಹಿಟ್ಟಿನ ಹೊದಿಕೆಯೊಳಗೆ ಚೀಸ್ ಮತ್ತು ಉಳ್ಳಾಗಡ್ಡಿ ತುಂಬಿ ಸುಟ್ಟ ಪೈ. ಹುಳಿ ಮಜ್ಜಿಗೆ, ಅಡುಗೆ ಸೋಡಾ ಹಾಕಿ ಸುಟ್ಟ ಬ್ರೆಡ್ಡು. ಇಂಗ್ಲೆಂಡಿನ ಉತ್ತರದಲ್ಲಿ ಬಟಾಣಿ ಬೇಳೆಯನ್ನು ಬಟ್ಟೆಯಲ್ಲಿ ಕಟ್ಟಿ ಬೇಯಿಸಿ, ಬೆಣ್ಣೆ ಮತ್ತು ಕರಿಮೆಣಸು ಸೇರಿಸಿ ಗಟ್ಟಿ ಮುದ್ದೆ ಮಾಡುತ್ತಾರೆ. ತಬಸ್ಸುಮ್ ಅದನ್ನೇ ನೆಹರು ಗಂಜಿನ ಧಾನ್ಯದ ಪೇಟೆಯಿಂದ ತಂದ ತೊಗರಿಬೇಳೆಯಲ್ಲಿ ಮಾಡುತ್ತಿದ್ದಳು. ಆರನೆಯದು ಸಿಹಿ. ಅದರ ಮೇಲಿನ ಕಸ್ಟರ್ಡಿಗೆ ತತ್ತಿ ಬೇಕಾಗಲಿಲ್ಲ. ಕಸ್ಟರ್ಡ್ ಪುಡಿಯನ್ನು ಸುಮಾರು ನೂರ ತೊಂಬತ್ತು ವರ್ಷದ ಹಿಂದೆ ಇಂಗ್ಲೆಂಡಿನ ಔಷಧಿ ಅಂಗಡಿಯವನೊಬ್ಬ ಕಂಡುಹಿಡಿದದ್ದೇ ತತ್ತಿ ಒಗ್ಗದ ತನ್ನ ಹೆಂಡತಿಗಾಗಿ.

ಎಲ್ಲವೂ ಒಂದೇ ದರದ ಊಟ. ಎರಡನೆಯ ಸಲ ಬೇಕೆಂದವರಿಗೆ ಹಾಕುವುದು ನೋರಾಳ ಕಾಲದಿಂದಲೂ ಇದ್ದ ಪದ್ಧತಿ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಖಂಡೆಪ್ಪನವರ ಫೋನ್ ಬಂತು.

“ಅಮರನಾಥಗ ಕೊಡೂದು ಅಂತ ಮಾಡೀನಿ ತಂಗಿ. ತಿಂಗಳ ಕೊನೀಗಿ ಖಾಲಿ ಮಾಡಿದ್ರ ಆತು. ಅವಸರ ಇಲ್ಲ.”

“ಸಾವ್ಕಾರ್ರಿ, ಊಟದಾಗ ಏನರೆ ತಪ್ಪಾತೇನ್ರಿ?”

“ಊಟ ಛಲೋ ಇತ್ತು ಅಂದೆನಲ್ಲ,” ಎಂದು ಅವರು ಫೋನ್ ಇಟ್ಟರು.

ತಬಸ್ಸುಮ್ ಅಂದಿನ ಬೇಳೆಯನ್ನು ಮೂರು ಸಲ ರುಚಿ ನೋಡಿದಳು. ಉಪ್ಪು ಸರಿಯಿತ್ತು. ಕರಿಮೆಣಸಿನ ಪುಡಿಯನ್ನು ಈ ವರ್ಷ ಮೂರು ಸಲ ಕಡಿಮೆ ಮಾಡಿದ್ದಳು, ಏಕೆಂದರೆ ದಿನಾ ಎರಡು ಕಿಲೋ ಬೇಳೆ ಬೇಯಿಸಿದರೆ ಮೂರು ಗಂಟೆಗೆ ಪಾತ್ರೆಯಲ್ಲಿ ಕಾಲು ಭಾಗ ಉಳಿಯುತ್ತಿತ್ತು. ಜನ ತಾಟು ಖಾಲಿ ಮಾಡುತ್ತಿದ್ದರು. ಎರಡನೆಯ ಸಲ ಮಾತ್ರ ಯಾರೂ ಕೇಳುತ್ತಿರಲಿಲ್ಲ. ಕಲಬುರಗಿಯವರಿಗೆ ಈ ರುಚಿ ಒಂದು ಸಲಕ್ಕೇ ಸಾಕಾಗುತ್ತದೆ ಎಂದು ಅವಳು ತಿಳಿದಿದ್ದಳು.

ಶುಕ್ರವಾರ ಅಂಬಿಕಾ ಬಂದಳು. ಹತ್ತಿರದ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ಮಂಗಳವಾರ ಮತ್ತು ಶುಕ್ರವಾರ ತಪ್ಪದೆ ಬರುತ್ತಿದ್ದ ಒಬ್ಬಳೇ ಗಿರಾಕಿ. ಎರಡೂವರೆಯ ಹೊತ್ತಿಗೆ ಉಳಿದವರೆಲ್ಲ ಎದ್ದಿದ್ದರು. ಗೋಡೆಯ ಮೇಲಿನ ಬೆಲೆಪಟ್ಟಿಯನ್ನು ಇಮಾಮುದ್ದೀನ್ ಕೆಳಗಿಳಿಸಿ ಒರೆಸುತ್ತಿದ್ದುದು ನೋಡಿ, “ಏನ್ ಭಾಯ್, ದೀಪಾವಳಿ ಆಗಿ ಹೋತು, ಈಗ ಸುಣ್ಣ ಹಚ್ಚಸ್ತೀರೇನು?” ಎಂದಳು.

ಖಾಲಿ ಮಾಡಬೇಕಾಗಿ ಬಂದಿದೆ ಎಂದು ತಬಸ್ಸುಮ್ ಹೇಳಿದಳು. ಬುಧವಾರ ನಡೆದದ್ದನ್ನೂ ಹೇಳಿದಳು. ಅಂಬಿಕಾ ಕೇಳುತ್ತ ಕೇಳುತ್ತ ಬ್ರೆಡ್ಡಿನ ಕೊನೆಯ ತುಣುಕನ್ನು ತಾಟಿಗೆ ಒರೆಸಿ ತಿಂದಳು.

“ಒಂದು ಮಾತ ಹೇಳ್ಲಾ ಭಾಬಿ? ಸಿಟ್ಟ ಆಗಬಾರದು.”

“ಹೇಳ್ರಿ.”

“ನಾ ಇಲ್ಲಿ ಉಂಡು, ಸಂಜಿಕಿ ಮನಿಗಿ ಹೋಗಿ ಚಪ್ಪಲಿ ಬಿಡೂಕಿಂತ ಮೊದಲ ಒಂದು ರೊಟ್ಟಿ ತಿಂತೀನಿ.”

“ಯಾಕ? ಇಲ್ಲಿ ಸಾಲಂಗಿಲ್ಲೇನು?”

“ಹ್ಯಾಂಗ ಸಾಲ್ತದರಿ? ಭಾಯ್ ಒಮ್ಮಿ ಕೇಳ್ತಾರ. ಒಮ್ಮಿ ಕೇಳಿದ ಕೂಡ್ಲೆ ಹೂಂ ಅಂದ್ರ ಬಾಜೂಕಿನವರು ಏನ್ ತಿಳೀತಾರ? ಉಪಾಸ ಬಿದ್ದು ಬಂದಾಳ ಅಂತಾರ. ಸಾಕು ಅಂತೀನಿ. ಇನ್ನೊಮ್ಮಿ ಕೇಳ್ತಾರ, ಆವಾಗ ಹಾಕಸ್ಕೊಂಡ್ರ ಆತು ಅಂತ ಮಾರಿ ಎತ್ತೂದರಾಗ ತಾಟ ಇರಂಗಿಲ್ಲ.”

ಇಮಾಮುದ್ದೀನ್ ಬಟ್ಟೆ ಕೆಳಗಿಟ್ಟ. “ಬೇಕಂದ್ರ ಬೇಕು ಅನ್ನಬೇಕ್ರಿ. ಬ್ಯಾಡಂದ್ರ ಬ್ಯಾಡ ಅನ್ನಬೇಕು. ಅದು ಸೀದಾ ಪದ್ಧತಿ.”

“ಭಾಯ್, ನೀವು ಹುಟ್ಟಿದ್ದು ಎಲ್ಲಿ?”

“ಇಲ್ಲೇ.”

“ಲಗ್ನ ಆದ ಹೊಸದಾಗಿ ಮಾವನ ಮನ್ಯಾಗ ಬಿರ್ಯಾನಿ ಹಾಕಾಕ ಬಂದಾಗ ಏನಂದ್ರಿ?”

ಇಮಾಮುದ್ದೀನ್ ಬಟ್ಟೆಯನ್ನು ಮತ್ತೆ ಎತ್ತಿಕೊಂಡ. ಕಿಂಡಿಯ ಆಚೆಯಿಂದ ತಬಸ್ಸುಮ್ ಹೇಳಿದಳು, “ಬಸ್, ಬಸ್ ಅಂದ್ರು. ನಾಕು ಸಲ ಹಾಕಸ್ಕೊಂಡ್ರು.”

“ಅದು ಮಾವನ ಮನಿ. ಇದು ಹೋಟೆಲ್.”

“ಆ ಮುದುಕರು ಹೋಟೆಲಿಗಿ ಬಂದಿದ್ದಿಲ್ರಿ,” ಎಂದಳು ಅಂಬಿಕಾ. “ತಮ್ಮ ಜಾಗಾದಾಗ ಉಣ್ಣಾಕ ಬಂದಿದ್ರು. ಅವರ ಮುಂದಿನ ತಾಟು ಕಸಗೊಂಡ ಹಾಂಗ ಆತು.”

ತಬಸ್ಸುಮ್ ಹೊರಗೆ ಬಂದು ಅವಳ ಎದುರಿನ ಕುರ್ಚಿಯಲ್ಲಿ ಕುಳಿತಳು. “ಸಾಕು ಅಂದದ್ದು ಖರೇನ ಸಾಕೋ, ಹಂಗ ಅಂದದ್ದೋ, ಹ್ಯಾಂಗ ತಿಳೀಬೇಕು?”

“ಬಾಯಿ ಕಡಿ ನೋಡಬ್ಯಾಡ್ರಿ, ಕೈ ಕಡಿ ನೋಡ್ರಿ. ತಾಟಿನ ಮ್ಯಾಲ ಕೈ ಅಡ್ಡ ಬಂತಂದ್ರ ಸಾಕು. ಅಲ್ಲಿ ತನಕ ಹಾಕ್ತಾ ಹೋಗ್ರಿ.” ಅಂಬಿಕಾ ತನ್ನ ತಾಟನ್ನು ತುಸು ಮುಂದೆ ಸರಿಸಿದಳು. “ಈಗ ನನಗ ಆ ಬ್ಯಾಳಿ ಇನ್ನೊಂದಿಷ್ಟು ತರ್ರಿ. ಹತ್ತು ತಿಂಗಳದಿಂದ ಆಸಿ ಅದ.”

ಅವಳು ಮೂರು ಸಲ ಹಾಕಿಸಿಕೊಂಡಳು. ಪ್ರತಿ ಸಲವೂ ಸಾಕು ಅಂದಳು.

ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ತಬಸ್ಸುಮಳಿಗೆ ನೋರಾಳ ಮನೆಯ ಮೊದಲ ದಿನ ನೆನಪಾಯಿತು. ಊಟದ ಮನೆಯ ಹಿಂದೆಯೇ ಅವಳ ವಾಸದ ಮನೆ ಇತ್ತು. ಕೆಲಸ ಕೇಳಲು ಹೋದ ತಬಸ್ಸುಮಳಿಗೆ ನೋರಾ ಚಹಾ, ಬ್ರೆಡ್ಡು ಬೇಕೇ ಎಂದು ಕೇಳಿದ್ದಳು. ಬೇಡ ಎಂದಳು. ನೋರಾ ಮತ್ತೆ ಕೇಳಿದಳು, ಇವಳು ಮತ್ತೆ ಬೇಡ ಎಂದಳು. ಮೂರನೆಯ ಸಲ ನೋರಾ ಉತ್ತರಕ್ಕೆ ಕಾಯದೆ ಕಪ್ಪು ತುಂಬಿಸಿ ಮುಂದಿಟ್ಟಿದ್ದಳು. ಪರದೇಶದ ಆ ಅಡುಗೆಮನೆಯಲ್ಲಿ ಅಮ್ಮನ ಕೈ ಕಂಡಂತಾಗಿ ತಬಸ್ಸುಮ್ ಎರಡು ಹೋಳು ತಿಂದಿದ್ದಳು. ಆ ಊರಿನ ಹಳೆಯ ಮನೆಗಳಲ್ಲಿ ಎಲ್ಲರೂ ಹಾಗೆಯೇ ಕೇಳುತ್ತಿದ್ದರು. ಊಟದ ಮನೆಯೊಳಗೆ ಮಾತ್ರ ಸ್ಟ್ಯಾನ್ಲಿಯ ನಿಯಮ ನಡೆಯುತ್ತಿತ್ತು. ಒಂದೇ ಸಲ ಕೇಳಬೇಕು, ಬೇಡವೆಂದರೆ ತಾಟು ಎತ್ತಬೇಕು, ಮೇಜು ಒರೆಸಬೇಕು, ಆಮೇಲೆ ಸಿಹಿ ತರಬೇಕು.

ಹದಿನಾರು ವರ್ಷದ ಮೇಲೆ ಊರಿಗೆ ಬರುವಾಗ ಇಬ್ಬರೂ ಹೊತ್ತು ತಂದದ್ದು ಸ್ಟ್ಯಾನ್ಲಿಯ ನಿಯಮವನ್ನು. ಬಾಗಿಲ ಮೇಲಿನ ಬೋರ್ಡಿನಲ್ಲಿ ಬರೆಸಿದ್ದು ಮಾತ್ರ ನೋರಾಳ ಹೆಸರು.

ಭಾನುವಾರ ಲಂಚ್ ಹೋಮಿಗೆ ರಜೆ. ಖಂಡೆಪ್ಪನವರ ಊರಾದ ಕಮಲಾಪುರಕ್ಕೆ ಹೋಗಲು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷದ ಬೀದರ್ ಬಸ್ಸು ಹತ್ತಿದರು. ತಬಸ್ಸುಮಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ಇಮಾಮುದ್ದೀನನಿಗೆ ಪೂರ್ತಿ ಟಿಕೆಟ್. ಅವಳ ತೊಡೆಯ ಮೇಲೆ ಸ್ಟೀಲಿನ ಡಬ್ಬಿಯಲ್ಲಿ ಬೆಳಗಿನ ಜಾವ ಬೇಯಿಸಿದ ಪುಡಿಂಗ್, ಅವನ ಕೈಯಲ್ಲಿ ಥರ್ಮಾಸ್. ಅದರಲ್ಲಿ ಕಸ್ಟರ್ಡ್ ಇತ್ತು.

“ಚಾ ಅಂತ ತಿಳದು ಯಾರರೆ ಕೇಳಿದ್ರ?” ಎಂದ ಇಮಾಮುದ್ದೀನ್.

“ಮೂರು ಸಲ ಕೇಳಿದ್ರ ಕೊಡ್ರಿ.”

ಅವನು ಕಿಟಕಿಯ ಕಡೆ ತಿರುಗಿದ. ರಸ್ತೆಯ ಎರಡೂ ಬದಿ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಅಂಬಿಕಾಳ ಮಾತನ್ನು ಅವನು ಇನ್ನೂ ಒಪ್ಪಿರಲಿಲ್ಲ. ಹೆಂಡತಿ ಹೊರಟಳೆಂದು ಬಂದಿದ್ದ.

ಕಮಲಾಪುರದಲ್ಲಿ ಇಳಿದಾಗ ಹತ್ತೂಕಾಲು. ಖಂಡೆಪ್ಪನವರ ಮನೆ ಊರಿನ ಅಂಚಿನಲ್ಲಿ ತೋಟಕ್ಕೆ ಹೊಂದಿಕೊಂಡಿತ್ತು. ಕೆಂಬಾಳೆಯ ಗಿಡಗಳು ಮನೆಯ ಹಿಂದಿನಿಂದ ಹಳ್ಳದವರೆಗೆ ಸಾಲಾಗಿ ಕಾಣುತ್ತಿದ್ದವು. ಖಂಡೆಪ್ಪ ತೋಟದಲ್ಲಿದ್ದರು. ಪಡಸಾಲೆಯಲ್ಲಿ ಕಡ್ಲಿ ಹಸನು ಮಾಡುತ್ತಿದ್ದ ಶಂಕ್ರಮ್ಮ ಇವರನ್ನು ನೋಡಿ ಎದ್ದರು. ಏಕೆ ಬಂದಿರಿ ಎಂದು ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು, “ಬರ್ರಿ, ಉಣ್ಣಾಕ ಕೂಡ್ರಿ,” ಎಂದರು.

“ಬ್ಯಾಡ್ರಿ ಅವ್ವಾರ. ನಾಷ್ಟಾ ಮಾಡೇ ಬಂದೀವಿ,” ಎಂದಳು ತಬಸ್ಸುಮ್.

“ಬಸ್ಸಿನಾಗ ಕುಲುಕಿ ಕುಲುಕಿ ಅದೆಲ್ಲಾ ಇಳದಿರ್ತದ. ಕೂಡ್ರಿ.”

“ಖರೇನ ಬ್ಯಾಡ್ರಿ.”

ಅಷ್ಟು ಹೊತ್ತಿಗೆ ತಾಟುಗಳು ಬಂದಿದ್ದವು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ತಬಸ್ಸುಮ್ ಕುಳಿತಳು. ಹಸಿವೆ ಇತ್ತು. ಆತಂಕದಲ್ಲಿ ಅವಳು ಬೆಳಿಗ್ಗೆ ಒಂದು ಕಪ್ಪು ಚಹಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಶಂಕ್ರಮ್ಮ ಬಿಸಿ ರೊಟ್ಟಿ ಹಿಡಿದು ಇಮಾಮುದ್ದೀನನ ಮುಂದೆ ನಿಂತರು. “ಸಾಕ್ರಿ,” ಎಂದ. ರೊಟ್ಟಿ ತಾಟಿಗೆ ಬಿತ್ತು. ಅದನ್ನು ತಿಂದ. ಮತ್ತೆ ಬಂದರು. “ಸಾಕ್ರಿ ಅವ್ವಾರ,” ಎಂದ. ಪಲ್ಯ ಬಿತ್ತು, ಅದರ ಪಕ್ಕದಲ್ಲಿ ಅರ್ಧ ರೊಟ್ಟಿ. ಅದನ್ನೂ ತಿಂದ. ತನಗೆ ಅದು ಬೇಕಾಗಿತ್ತೆಂದು ಅವನಿಗೆ ಗೊತ್ತಾದದ್ದು ತಿಂದ ಮೇಲೆ. ಮೂರನೆಯ ಸಲ ಶಂಕ್ರಮ್ಮ ಬಂದಾಗ ಬಾಯಿ ಏನೂ ಹೇಳುವುದಕ್ಕೆ ಮೊದಲೇ ಅವನ ಕೈ ತಾನಾಗಿ ತಾಟಿನ ಮೇಲೆ ಅಡ್ಡ ಬಂತು. ಶಂಕ್ರಮ್ಮ ಅಲ್ಲೇ ತಿರುಗಿ ಒಳಗೆ ಹೋದರು.

ಇಮಾಮುದ್ದೀನ್ ತನ್ನ ಕೈಯನ್ನೇ ನೋಡುತ್ತ ಕುಳಿತ. ಆಮೇಲೆ ಹೆಂಡತಿಯ ಕಡೆ ನೋಡಿ, ಅವಳಿಗಷ್ಟೇ ಕೇಳುವಂತೆ, “ಆ ಬ್ಯಾಂಕಿನ ಅಂಬಿಕಾ ಖರೆ ಹೇಳ್ಯಾಳ,” ಎಂದ.

ಖಂಡೆಪ್ಪ ಹನ್ನೊಂದಕ್ಕೆ ತೋಟದಿಂದ ಬಂದರು. ಅಂಗಳದಲ್ಲಿ ಕಾಲು ತೊಳೆದು ಪಡಸಾಲೆಯ ಕಟ್ಟೆಯ ಮೇಲೆ ಕುಳಿತರು.

“ಖಾಲಿ ಮಾಡಾಕ ಇನ್ನಾ ಹದಿನಾಕು ದಿನ ಅದಲ್ಲ. ಇಷ್ಟ ದೂರ ಯಾಕ ಬಂದ್ರಿ?”

“ಬುಧವಾರದ ಸಿಹಿ ಉಳದಿತ್ರಿ,” ಎಂದು ತಬಸ್ಸುಮ್ ಡಬ್ಬಿಯ ಮುಚ್ಚಳ ತೆಗೆದಳು. “ಬುಧವಾರದ್ದಲ್ಲ ಮತ್ತ, ಇವತ್ತ ಮಾಡಿದ್ದು. ತಗೋರಿ.”

“ಬ್ಯಾಡ ತಂಗಿ. ತ್ವಾಟದಾಗ ಈಗರೆ ಬುತ್ತಿ ಉಂಡೀನಿ.”

“ಒಂದೀಟು ತಗೋರಿ.”

“ಸಿಹಿ ನನಗ ಆಗಂಗಿಲ್ಲ.”

ತಬಸ್ಸುಮ್ ಅವರ ಕೈ ನೋಡಿದಳು. ಎರಡೂ ಕೈ ಮೊಳಕಾಲ ಮೇಲಿದ್ದವು. ಶಂಕ್ರಮ್ಮ ತಂದಿಟ್ಟ ಬಟ್ಟಲಿಗೆ ಪುಡಿಂಗ್ ಹಾಕಿ, ಥರ್ಮಾಸಿನಿಂದ ಕಸ್ಟರ್ಡ್ ಸುರಿದು, ಮೂರನೆಯ ಸಲ ಕೇಳದೆ ಅವರ ಕೈಗಿಟ್ಟಳು. ಖಂಡೆಪ್ಪ ಬಟ್ಟಲು ತಿರುಗಿಸಿ ನೋಡಿದರು. ಒಂದು ಚಮಚ ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು, ಮತ್ತೆ ಅಗಿದರು.

“ಇದು ಕೆಂಬ್ಯಾಳಿ.”

“ಹೌದ್ರಿ. ನಿಮ್ಮ ತ್ವಾಟದ್ದ. ಸೂಪರ್ ಮಾರ್ಕೆಟ್ ಬಜಾರದಾಗ ಗಾಡಿಯಾವಗ ಕೇಳಿ ಕೇಳಿ ತರತೀನಿ.”

“ಬೇಯಸಿದ್ರ ಇದು ಹಿಂಗ ಆಗ್ತದಂತ ನನಗ ಗೊತ್ತಿದ್ದಿಲ್ಲ.” ಅವರು ಹೆಂಡತಿಯ ಕಡೆ ನೋಡಿದರು. “ನಲವತ್ತು ವರ್ಷ ಬೆಳೀಲಾಕತ್ತೀನಿ. ಸುಲದು ತಿನ್ನೂದು ಬಿಟ್ಟು ಈಕಿ ಬ್ಯಾರೆ ಏನೂ ಮಾಡಿ ಹಾಕಿಲ್ಲ.”

“ಹಾಕಿದ್ರ ಉಣ್ಣಾಕ ಮನ್ಯಾಗ ಯಾವಾಗ ಇರ್ತಿದ್ರಿ?” ಎಂದರು ಶಂಕ್ರಮ್ಮ.

ಬಟ್ಟಲು ಖಾಲಿಯಾಯಿತು. ತಬಸ್ಸುಮ್ ಇನ್ನೊಂದು ಚಮಚ ಹಾಕಿದಳು. ಅವರು ಸಾಕು ಅಂದರು, ತಿಂದರು. ಆಮೇಲೆ ಬಟ್ಟಲು ಪಕ್ಕಕ್ಕಿಟ್ಟು, ತಾವಾಗಿಯೇ ಮಾತು ತೆಗೆದರು.

“ನಿಮ್ಮ ಅಡಗಿಗಿ ನಾ ಏನೂ ಅಂದಿಲ್ಲ. ಆ ತೊಗರಿ ಮುದ್ದಿ ಅದ ನೋಡು, ಅದನ್ನ ಇನ್ನೊಮ್ಮಿ ಉಣಬೇಕು ಅಂತ ಮನಸಿನಾಗಿತ್ತು. ಸಾಕು ಅನ್ನೂದರಾಗ ಇವ್ರು ತಾಟ ಎತ್ತಿದ್ರು. ಬಟ್ಟಿ ತಗೊಂಡು ಮೇಜು ಒರಸಿದ್ರು. ಅರವತ್ತೆಂಟು ವರ್ಷ ಆತು ನನಗ, ನನ್ನ ಮುಂದಿನ ತಾಟು ಒಬ್ಬರೂ ಎತ್ತಿಲ್ಲ. ಬಸ್ಸಿನಾಗ ಈಕಿ ಕೇಳಿದ್ಳು, ಇವರಿಗಿ ನಾವು ಲಗೂನ ಎದ್ದು ಹೋಗಬೇಕಾಗಿತ್ತೇನು ಅಂತ. ಅಮರನಾಥ ಅಳಿಯ. ಅವಂಗ ಬ್ಯಾಡ ಅಂದು, ಏಳ್ರಿ ಅಂದವರಿಗಿ ಜಾಗಾ ಕೊಡಬೇಕೇನು?”

“ತಪ್ಪು ನಂದ್ರಿ,” ಎಂದ ಇಮಾಮುದ್ದೀನ್. “ಅಲ್ಲಿ ಹಂಗಿತ್ತು. ಇಲ್ಲೀದು ಮರತಿದ್ದೆ.”

ಖಂಡೆಪ್ಪ ಅದಕ್ಕೆ ತಲೆಯಾಡಿಸಿದರು.

“ಇನ್ನೊಂದು ಸಲ ಉಣ್ಣಾಕ ಬರ್ರಿ ಸಾವ್ಕಾರ್ರಿ,” ಎಂದಳು ತಬಸ್ಸುಮ್.

“ಆಗಿ ಹೋಗಿದ್ದಕ್ಕ ಮತ್ತೇನು ಬಿಡು.”

“ಬರ್ರಿ ಅಂತೀನಿ.”

“ಅಮರನಾಥಗ ಮಾತ ಕೊಟ್ಟಾಂಗ ಆಗ್ಯದ ತಂಗಿ.”

ತಬಸ್ಸುಮ್ ಡಬ್ಬಿಯ ಮುಚ್ಚಳ ಹಾಕಿದಳು. ಅಲ್ಲಿಂದ ಏಳಲಿಲ್ಲ. “ಉಂಡು ಹೋಗ್ರಿ, ಜಾಗಾ ಕೊಡ್ರಿ ಬಿಡ್ರಿ. ಅರ್ಧ ಹೊಟ್ಟಿಲೇ ಎಬ್ಬಿಸಿ ಕಳಸೀನಿ ಅಂತ ನನಗ ಇರಬಾರದು.”

ಖಂಡೆಪ್ಪ ತೋಟದ ಕಡೆ ತಿರುಗಿದರು. “ಬುಧವಾರ ನೆಹರು ಗಂಜಿಗಿ ಬರೂದು ಅದ,” ಎಂದರು.

ನವೆಂಬರ್ ಹತ್ತೊಂಬತ್ತು, ಬುಧವಾರ. ಹನ್ನೆರಡು ಐವತ್ತಕ್ಕೆ ಖಂಡೆಪ್ಪ ಮತ್ತು ಶಂಕ್ರಮ್ಮ ಬಂದು ಅದೇ ಮೇಜಿಗೆ ಕುಳಿತರು. ಈ ಸಲ ಸಿಹಿಯ ಬಟ್ಟಲು ತಾಟಿನೊಂದಿಗೇ ಬಂತು, ಊರಲ್ಲಿ ಹೋಳಿಗೆ ಬರುವ ಹಾಗೆ. ತಬಸ್ಸುಮ್ ಕಿಂಡಿಯ ಹಿಂದೆ ನಿಂತಳು. ಮೂರೇ ದಿನದಲ್ಲಿ ಇಮಾಮುದ್ದೀನ್ ನಡಿಗೆಯನ್ನೇ ಬದಲಿಸಿಕೊಂಡಿದ್ದ. ಅವನ ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ ಇರಲಿಲ್ಲ. ಒಂದು ಕೈಯಲ್ಲಿ ಬೇಳೆಯ ಪಾತ್ರೆ, ಇನ್ನೊಂದರಲ್ಲಿ ಸೌಟು.

“ಇನ್ನ ಹಾಕ್ಲೇನ್ರಿ?”

“ಸಾಕ್ರಿ.”

ಹಾಕಿದ. ಒಂದು ಸುತ್ತು ಬೇರೆ ಮೇಜುಗಳಿಗೆ ಹೋಗಿ ಬಂದ.

“ತೊಗರಿ ನಿಮ್ಮ ಕಡೀದ ಅದರಿ. ಇನ್ನೊಂದೀಟು.”

“ಬ್ಯಾಡ್ರಿ, ಸಾಕು.”

ಹಾಕಿದ. ಖಂಡೆಪ್ಪ ಬ್ರೆಡ್ಡು ಮುರಿದು ಬೇಳೆಗೆ ಅದ್ದಿ ತಿಂದರು. ಶಂಕ್ರಮ್ಮ ಆಲೂ ಮುದ್ದೆಯ ನಡುವಿನ ಗುಳಿಯಲ್ಲಿ ಕರಗಿದ ಬೆಣ್ಣೆಯನ್ನು ಬೆರಳಿನಿಂದ ಕಲಸಿ, ಇದಕ್ಕೆ ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಎಂದರು. ಇಮಾಮುದ್ದೀನ್ ಓಡಿ ಎರಡು ತಂದ. ಮೂರನೆಯ ಸಲ ಬೇಳೆ ಬಂದಾಗ ಖಂಡೆಪ್ಪ, “ಏ, ಏನಪಾ ನೀ,” ಎಂದರು. ಕೈ ಮಾತ್ರ ಇದ್ದಲ್ಲೇ ಇತ್ತು.

ನಾಲ್ಕನೆಯ ಸಲ ಎರಡೂ ಕೈ ಒಟ್ಟಿಗೆ ತಾಟಿನ ಮೇಲೆ ಬಂದವು. ಇಮಾಮುದ್ದೀನನ ಸೌಟು ಅರ್ಧಕ್ಕೇ ನಿಂತಿತು. ಅವನು ಹಿಂದೆ ಸರಿದ. ತಾಟು ಎತ್ತಲಿಲ್ಲ. ಖಂಡೆಪ್ಪ ಖಾಲಿ ತಾಟಿನ ಮುಂದೆ ಕಾಲು ಗಂಟೆ ಕುಳಿತು, ಪಕ್ಕದ ಮೇಜಿನವರ ಜೊತೆ ಈ ಸಲದ ತೊಗರಿಯ ಬಗ್ಗೆ ಮಾತಾಡಿದರು. ಎರಡು ಗಂಟೆ ಐದು ನಿಮಿಷಕ್ಕೆ ಕೈ ತೊಳೆದರು.

ಚಪ್ಪಲಿ ಮೆಟ್ಟುವಾಗ ಕಿಂಡಿಯ ಕಡೆ ತಿರುಗಿ, “ಅಮರನಾಥಗ ಸ್ಟೇಷನ್ ಕಡೆ ಎಲ್ಲೆರೆ ನೋಡ್ತೀನಿ. ಸಿಟ್ಟ ಮಾಡ್ತಾನ. ಮಾಡ್ಲಿ,” ಎಂದರು. ಮತ್ತೆ ಏನೋ ನೆನಪಾದಂತೆ ನಿಂತರು. “ಬಾಳಿಹಣ್ಣು ಗಾಡಿಯಾವನ ಕಡಿಂದ ಯಾಕ ತರತಿ? ಬುಧವಾರಕ್ಕೊಮ್ಮಿ ನಾನ ತರತೀನಿ.”

ಆ ದಿನ ಬೇಳೆಯ ಪಾತ್ರೆ ಎರಡು ಮೂವತ್ತೈದಕ್ಕೆ ಖಾಲಿಯಾಯಿತು. ಕೊನೆಗೆ ಬಂದ ಇಬ್ಬರಿಗೆ ಪೈ ಮತ್ತು ಸಾರು ಮಾತ್ರ ಸಿಕ್ಕಿತು.

ಹೊಸ ಕರಾರಿಗೆ ನವೆಂಬರ್ ಇಪ್ಪತ್ತೆಂಟು, ಶುಕ್ರವಾರ ಸಹಿ ಬಿತ್ತು. ಅವಧಿ ಮತ್ತೆ ಹನ್ನೊಂದೇ ತಿಂಗಳು. ಮಾಂಸ, ಮೀನು, ತತ್ತಿಯ ಷರತ್ತು ಹಾಗೆಯೇ ಇದೆ. ಸಾಕ್ಷಿ ಹಾಕಲು ಕರೆದಿದ್ದರೂ ಅಮರನಾಥ ಬರಲಿಲ್ಲ, ಮಾವನ ಜೊತೆ ಅವನು ಇನ್ನೂ ಮಾತು ಬಿಟ್ಟಿದ್ದಾನೆ. ಅವನ ಬದಲು ಬ್ಯಾಂಕಿನಿಂದ ಊಟಕ್ಕೆ ಬಂದಿದ್ದ ಅಂಬಿಕಾ ಸಹಿ ಹಾಕಿದಳು. ಡಿಸೆಂಬರ್ ಒಂದರಿಂದ ತಬಸ್ಸುಮ್ ದಿನಕ್ಕೆ ಎರಡೂವರೆ ಕಿಲೋ ತೊಗರಿಬೇಳೆ ಬೇಯಿಸುತ್ತಿದ್ದಾಳೆ.